ಮಾಳಿಗೆಯ ಮೇಲಿನ ಮೂಕ ಸಿನಿಮಾ

ಹೈದರಾಬಾದಿನ ಬೇಗಂಪೇಟೆಯ ಆಚೆ ಒಂದು ಕಾಲದಲ್ಲಿ ಕಾರಿನಲ್ಲಿ ಕುಳಿತೇ ಸಿನಿಮಾ ನೋಡುವ ಬಯಲು ಟಾಕೀಸು ಇತ್ತು. ಡ್ರೈವ್-ಇನ್ ಎನ್ನುತ್ತಿದ್ದರು. ಈಗ ಅದರ ಹಳೆಯ ಫೋಟೋ ಒಂದು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತದೆ. ಆಗಾಗ ಯಾರಾದರೂ ನನಗೂ ಕಳಿಸುತ್ತಾರೆ, ಕೆಳಗೆ ಅಳುವ ಮುಖದ ಚಿತ್ರ ಬೇರೆ. ಎಂಥ ಚೆಂದದ ದಿನಗಳು ಅನ್ನುತ್ತಾರೆ. ಕಳಿಸಿದವರಲ್ಲಿ ಬಹಳ ಮಂದಿ ಅದರ ಗೇಟು ದಾಟಿದವರೇ ಅಲ್ಲ, ಅವರ ಮನೆಯಲ್ಲಿ ಆಗ ಕಾರು ಎಲ್ಲಿತ್ತು? ನಮ್ಮಲ್ಲೂ ಇರಲಿಲ್ಲ. ಒಂದು ಸೈಕಲ್ ಇತ್ತು, ಅದನ್ನು ಅಪ್ಪ ಮುಟ್ಟಲು ಬಿಡುತ್ತಿರಲಿಲ್ಲ. ಆದರೆ ಆ ಟಾಕೀಸಿನ ವಿಷಯದಲ್ಲಿ ನನ್ನಷ್ಟು ಬೇಸತ್ತವನು ಈ ಊರಿನಲ್ಲಿ ಇನ್ನೊಬ್ಬನಿರಲಾರ. ಅದರ ಹಿಂದಿನ ಗೋಡೆಗೆ ನಮ್ಮ ಮನೆ ಅಂಟಿಕೊಂಡಿತ್ತು. ನನ್ನ ಬಾಲ್ಯದ ಸಂಜೆಗಳನ್ನೆಲ್ಲ ಆ ಗೋಡೆ ನುಂಗಿತು. ಅಲ್ಲಿ ನಾನಾಡಿದ ಒಂದು ಮಾತು ಇಂದಿಗೂ ನನ್ನನ್ನು ನುಂಗುತ್ತಿದೆ.

ನಮ್ಮದು ರಾಯಚೂರು ಕಡೆಯ ಮನೆತನ. ಅಪ್ಪ ಸಿಕಂದರಾಬಾದಿನ ಒಂದು ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ಎರಡು ಕೋಣೆ, ಹೊಗೆ ಹಿಡಿದ ಅಡುಗೆಮನೆ, ಹೊರಗಿನಿಂದ ಮಾಳಿಗೆಗೆ ಏರುವ ಕಲ್ಲಿನ ಮೆಟ್ಟಿಲು. ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು: ಅವ್ವ ಮತ್ತು ಕಾಶತ್ತಿ. ಕಾಶತ್ತಿ ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ಅತ್ತೆಮನೆಯವರು ಅವಳ ಸಣ್ಣ ಮಗನನ್ನು ತಮ್ಮ ಬಳಿ ಇಟ್ಟುಕೊಂಡು ಅವಳನ್ನು ತವರಿಗೆ ಅಟ್ಟಿದ್ದರು. ತವರು ಅಂದರೆ ತಮ್ಮನ ಮನೆ, ತಮ್ಮನ ಮನೆ ಅಂದರೆ ಅವ್ವನ ಅಡುಗೆಮನೆ. ದಿನ ಬೆಳಗಾದರೆ ಇಬ್ಬರಿಗೂ ಕದನ. ರೊಟ್ಟಿ ದಪ್ಪವಾಯಿತು, ಪುಂಡಿಪಲ್ಲೆಗೆ ಉಪ್ಪು ಜಾಸ್ತಿಯಾಯಿತು, ನಳದ ನೀರು ಬಂದಾಗ ಎಬ್ಬಿಸಲಿಲ್ಲ. ಒಮ್ಮೆ ಶೇಂಗಾ ಚಟ್ನಿಪುಡಿಯ, ನಮ್ಮ ಮಾತಿನಲ್ಲಿ ಹಿಂಡಿಯ, ಡಬ್ಬಿಯನ್ನು ಯಾರು ತೆರೆದಿಟ್ಟರು ಎಂಬ ಜಗಳ ಎಷ್ಟು ದಿನ ನಡೆಯಿತೆಂದರೆ, ಅದು ಮುಗಿಯುವ ಮೊದಲೇ ಹಿಂಡಿ ಮುಗಿದುಹೋಯಿತು. ನಡುವೆ ಕುಳಿತು ಉಣ್ಣುವ ನಮಗೆ ರೊಟ್ಟಿ ಗಂಟಲಲ್ಲಿ ಇಳಿಯಬೇಕಲ್ಲ. ಅಪ್ಪ ಮಾತ್ರ ಏನೂ ಕೇಳಿಸದವನಂತೆ ಉಂಡು ಎದ್ದು ಹೋಗುತ್ತಿದ್ದ. ಅವನ ಆ ಕಿವುಡು ಕಂಡರೆ ನನಗೆ ಇನ್ನೂ ಸಿಟ್ಟು ಬರುತ್ತಿತ್ತು.

ಸಿನಿಮಾ ನೋಡುವುದು ಅಪ್ಪನ ಪ್ರಕಾರ ಹಾಳಾಗುವ ದಾರಿ. ಆದರೆ ಮನೆ ಮಾಡಿಕೊಂಡದ್ದು ಸಿನಿಮಾದ ಬೆನ್ನಿಗೆ. ಮಾಳಿಗೆ ಏರಿದರೆ ಎದುರಿಗೆ ಬಯಲು, ಕಾರುಗಳ ಸಾಲು, ಅದರಾಚೆ ಬೆಳ್ಳಗಿನ ದೊಡ್ಡ ಪರದೆ. ಅವನೇ ಇದಕ್ಕೊಂದು ಕಾನೂನು ಮಾಡಿದ.

“ಟಿಕೀಟ್ ತೊಗೊಂಡು ನೋಡಿದ್ರ ಅದು ಸಿನಿಮಾ. ಗಾಳಿಗೆ ಕುಂತಾಗ ಕಣ್ಣಿಗೆ ಬಿದ್ರ ಅದಕ್ಕ ನಾವೇನ್ ಮಾಡಾಕ ಬರ್ತೈತಿ?”

ಹಾಗಾಗಿ ನಾವು ದಿನಾ ಗಾಳಿಗೆ ಕೂಡುತ್ತಿದ್ದೆವು. ಚಳಿಗಾಲದಲ್ಲೂ ಕಂಬಳಿ ಹೊದ್ದು ಗಾಳಿಗೆ ಕೂಡುತ್ತಿದ್ದೆವು. ಊರಿನಿಂದ ಬಂದ ನೆಂಟರು ಚಾರ್‌ಮಿನಾರ್ ನೋಡದೆ ಹೋದಾರು, ನಮ್ಮ ಮಾಳಿಗೆಯ ಗಾಳಿ ತೆಗೆದುಕೊಳ್ಳದೆ ಹೋದವರಿಲ್ಲ. ನಾನು ಸಂಜೆಯಾದರೆ ಮಾಳಿಗೆ ಗುಡಿಸಬೇಕು, ನೀರು ಚಿಮುಕಿಸಬೇಕು, ಚಾಪೆ ಹೊರಬೇಕು. ಓಣಿಯವರೂ ಬರುತ್ತಿದ್ದರು. ಎಮ್ಮೆ ಕಟ್ಟಿದ್ದ ಯಾದಮ್ಮ ಎಂಬ ತೆಲುಗು ಮುದುಕಿಗಂತೂ ಗೋಡೆಗೆ ಒರಗುವ ಜಾಗವೇ ಬೇಕು. ನಾನು ಎಲ್ಲಿ ಕುಳಿತರೂ “ಜರುಗು ಬಿಡ್ಡಾ” ಎಂದು ಸರಿಸುತ್ತಿದ್ದಳು. ಅವ್ವ ಮಂಡಕ್ಕಿಗೆ ಒಗ್ಗರಣೆ ಹಾಕಿ ಮಂಡಾಳು ಮಾಡಿ ಕಳಿಸುತ್ತಿದ್ದಳು, ಅದು ನನ್ನ ತನಕ ಬರುವಷ್ಟರಲ್ಲಿ ತಳದ ಕರಿಬೇವು ಉಳಿದಿರುತ್ತಿತ್ತು.

ಇಷ್ಟೆಲ್ಲ ಮಾಡಿ ನೋಡುವುದೇನು? ಮನೆ ಗೋಡೆಯ ಮೂಲೆಗಿದ್ದುದರಿಂದ ಪರದೆ ನಮಗೆ ಓರೆ. ನಾಯಕ, ನಾಯಕಿ, ಕುದುರೆ, ಎಲ್ಲವೂ ಹಿಂಡಿದ ಬಟ್ಟೆಯಂತೆ ಸಣ್ಣಗೆ ಉದ್ದಕ್ಕೆ ಕಾಣುತ್ತಿದ್ದವು. ಎಡಗಡೆಯ ಕೆಳಮೂಲೆಗೆ ಒಂದು ಬೇವಿನ ಗಿಡ ಅಡ್ಡ. ಕಳ್ಳರು ಯಾವಾಗಲೂ ಆ ಗಿಡದೊಳಗೇ ಹೋಗಿ ಸೇರುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಿನದು, ಸಿನಿಮಾಕ್ಕೆ ಧ್ವನಿ ಇರಲಿಲ್ಲ. ಅಲ್ಲಿ ಧ್ವನಿ ಬರುತ್ತಿದ್ದುದು ಪ್ರತಿ ಕಾರಿನ ಪಕ್ಕದ ಕಂಬಕ್ಕೆ ತೂಗುಹಾಕಿದ ಸಣ್ಣ ಡಬ್ಬಿಗಳಿಂದ. ಅದನ್ನು ತೆಗೆದು ಕಾರಿನ ಕಿಟಕಿಗೆ ಸಿಕ್ಕಿಸಿಕೊಂಡರೆ ಒಳಗಿದ್ದವರಿಗೆ ಮಾತು, ಹಾಡು. ಗೋಡೆಯ ಈಚೆಗಿದ್ದ ನಮಗೆ ಮೂಕ ಬಾಯಿಗಳು ಮಾತ್ರ. ಆ ಬಾಯಿಗಳಿಗೆ ಮಾತು ಹಾಕುತ್ತಿದ್ದವಳು ಕಾಶತ್ತಿ.

ಅಡುಗೆಮನೆಯಲ್ಲಿ ತಗ್ಗಿಸಿದ ತಲೆ ಎತ್ತದ ಹೆಂಗಸು ಮೆಟ್ಟಿಲು ಏರಿದರೆ ಬೇರೆಯೇ ಆಗುತ್ತಿದ್ದಳು. ಪರದೆಯ ಕಡೆ ಮುಖ ಮಾಡಿ, ನಮಗೆ ಅರ್ಧ ಮುಖ ಕೊಟ್ಟು ಕೂತು, ಸೀರೆಯ ಸೆರಗನ್ನು ಮಂಡಿಗೆ ಸಿಕ್ಕಿಸಿಕೊಂಡು ಶುರು ಮಾಡುತ್ತಿದ್ದಳು. ಸೂಟು ಹಾಕಿದ ಸಾಹುಕಾರ “ಏ, ನಮ್ಮ ಹೊಲದಾಗ ನಿನ್ನ ಎತ್ತು ಯಾಕ ಬಂತಲೇ” ಅನ್ನುತ್ತಿದ್ದ. ಬಂಗಲೆಯ ಮೆಟ್ಟಿಲು ಇಳಿಯುವ ನಾಯಕಿ “ಎವ್ವಾ, ನಳ ಬಂದೈತಿ, ಕೊಡ ಕೊಡು” ಅನ್ನುತ್ತಿದ್ದಳು. ಗಂಡಸಿಗೊಂದು ಕಂಠ, ಮುದುಕಿಗೊಂದು, ಕಳ್ಳನಿಗೊಂದು. ಕನ್ನಡ ಬಾರದ ಯಾದಮ್ಮ ಕೂಡ ಸರಿಯಾದ ಜಾಗದಲ್ಲಿ “ಅಯ್ಯೋ ಪಾಪಂ” ಅನ್ನುತ್ತಿದ್ದಳು. ಅತ್ತಿ ತನಗೊಂದು ನೇಮ ಹಾಕಿಕೊಂಡಿದ್ದಳು. ನಾನು ಅವಸರಪಡಿಸಿದರೆ ಗದರುತ್ತಿದ್ದಳು.

“ತುಟಿ ಅಲುಗಿದಾಗಷ್ಟ ಮಾತು ಹಾಕಬೇಕು. ಅವರು ಬಾಯಿ ಮುಚ್ಚಿದ ಮ್ಯಾಲ ನಾವು ಮಾತಾಡಿದ್ರ ಅದು ಕಥಿ ಅಲ್ಲ, ಹರಟಿ.”

ಹತ್ತಿರದ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ನಮ್ಮ ತಲೆಯ ಮೇಲೇ ಹಾದುಹೋಗುತ್ತಿದ್ದವು. ಆಗ ಅತ್ತಿ ಕೈಯೆತ್ತಿ ಮಾತು ನಿಲ್ಲಿಸುತ್ತಿದ್ದಳು. ಇಲ್ಲದ ಧ್ವನಿಗೆ ವಿಮಾನ ಅಡ್ಡಿಯಾಯಿತೆಂದು ಎಲ್ಲರೂ ಅದನ್ನು ಬೈಯುತ್ತಿದ್ದರು.

ಒಂದೇ ಸಿನಿಮಾ ವಾರಗಟ್ಟಲೆ ಓಡುತ್ತಿತ್ತು, ಆದರೆ ಅತ್ತಿಯ ಕಥೆ ದಿನಾ ಬೇರೆ. ಸೋಮವಾರ ತಾಯಿಯಾಗಿದ್ದವಳು ಗುರುವಾರ ಮಲತಾಯಿ. ಇದು ನನ್ನ ತಲೆ ಕೆಡಿಸುತ್ತಿತ್ತು. ನಾನು ಲೆಕ್ಕದಲ್ಲಿ ಜಾಣನೆನಿಸಿಕೊಂಡ ಹುಡುಗ, ಇವತ್ತು ಒಂದು ನಾಳೆ ಒಂದು ನನಗೆ ಆಗದು.

“ಅತ್ತಿ, ಮೊನ್ನಿ ಇಕಿ ಅವನ ತಾಯಿ ಅಂದಿದ್ದಿ.”

“ಮೊನ್ನಿನಾಕಿ ಮೊನ್ನಿ ಹೋದ್ಲು. ಇವತ್ತಿನಾಕಿ ಇಕಿ. ಸುಮ್ನ ಕುಂದ್ರು, ಪೊಲೀಸರು ಬರಾಕತ್ತಾರ.”

ಬದಲಾಗದೆ ಇದ್ದದ್ದು ಒಂದೇ, ಕೊನೆ. ನಾವು ಆ ಮಾಳಿಗೆಯಿಂದ ಒಂದು ಸಿನಿಮಾದ ಕೊನೆಯನ್ನೂ ನೋಡಿದವರಲ್ಲ. ವಿರಾಮ ಮುಗಿದು ಸ್ವಲ್ಪ ಹೊತ್ತಿಗೆ ಅಪ್ಪ ಕೆಳಗಿನಿಂದ ಕೆಮ್ಮುತ್ತಿದ್ದ. ಅದು ಹಾಸಿಗೆಯ ಗಂಟೆ. ಅಲ್ಲಿಂದ ಮುಂದಿನ ಕಥೆಯನ್ನು ಅತ್ತಿ ಮೆಟ್ಟಿಲು ಇಳಿಯುತ್ತ ಹೇಳಿ ಮುಗಿಸುತ್ತಿದ್ದಳು. ಕಥೆ ಕಳ್ಳರದಿರಲಿ, ಪ್ರೇಮಿಗಳದಿರಲಿ, ಅದರಲ್ಲಿ ಎಲ್ಲೋ ಒಬ್ಬ ಹೆಂಗಸು ಇರುತ್ತಿದ್ದಳು. ಕೊನೆಯ ಮೆಟ್ಟಿಲಿಗೆ ಬರುವಾಗ ಅವಳ ಮಗ ಬರುತ್ತಿದ್ದ.

“ಮಗ ಬಂದ. ‘ನಡಿಯವ್ವಾ, ಮನಿಗೆ ಹೋಗೂಣು’ ಅಂದ. ಕರ್ಕೊಂಡು ಹೋದ.”

ಇಷ್ಟು ಹೇಳಿ ಅವಳು ದೀಪ ಸಣ್ಣ ಮಾಡುತ್ತಿದ್ದಳು. ಅವ್ವ, ದಿನವಿಡೀ ಅವಳೊಂದಿಗೆ ಜಗಳವಾಡುವ ಅವ್ವ, ಆ ಹೊತ್ತಿನಲ್ಲಿ ಎದುರು ಮಾತಾಡಿದ್ದು ನಾನು ಕಾಣೆ. ಅತ್ತಿಯ ಮಗ ಮಲ್ಲು ಸಿಂಧನೂರಿನಲ್ಲಿ ಬೆಳೆಯುತ್ತಿದ್ದಾನೆಂದು, ಒಮ್ಮೆಯೂ ಬಂದಿಲ್ಲವೆಂದು ಮನೆಯ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಹುಡುಗ, ತಿಳಿಯದೆ ಅಂದ ಎಂದು ಯಾರೂ ನನ್ನನ್ನು ಕ್ಷಮಿಸುವ ಹಾಗಿಲ್ಲ. ಅದಕ್ಕೇ ಇದನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದು ವರ್ಷ ಮಳೆಗಾಲ ಕಳೆದ ಮೇಲೆ ಒಂದು ಸಿನಿಮಾ ಬಂತು. ರೈಲ್ವೆ ನಿಲ್ದಾಣದಲ್ಲಿ ಬಿಳಿ ಸೀರೆಯ ಹೆಂಗಸೊಬ್ಬಳು ಬೆಂಚಿನ ಮೇಲೆ ಕಾಯುತ್ತ ಕೂಡುತ್ತಿದ್ದಳು. ಅತ್ತಿಗೆ ಅದು ಬಹಳ ಹಿಡಿಸಿತು. ಓಣಿಗೆ ಓಣಿಯೇ ಬರತೊಡಗಿತು. ಶಾಲೆಯಲ್ಲಿ ನಾನೂ ಆ ಕಥೆಯನ್ನು ಜಂಬದಿಂದ ಹೇಳಿದೆ. ನನ್ನ ತರಗತಿಯ ನರ್ಸಿಂಗ್ ಎಂಬ ಹುಡುಗನ ಮನೆಯಲ್ಲಿ ಕಾರಿತ್ತು. ಅವನು ಎಲ್ಲರ ಮುಂದೆ ನಕ್ಕ.

“ಅರೆ, ಕೌನ್ಸಾ ಪಿಕ್ಚರ್ ದೇಖಾ ರೇ ತೂ? ಉಸ್ಕಾ ಬೇಟಾ ಉಸ್ಕು ಲೇನೇ ಕಹಾಂ ಆತಾ?”

ಅವಳ ಮಗ ಅವಳನ್ನು ಕರೆದೊಯ್ಯಲು ಎಲ್ಲಿ ಬರುತ್ತಾನೆ, ಯಾವ ಸಿನಿಮಾ ನೋಡಿದೆಯೋ ನೀನು ಎಂದು ಅವನು ಕೇಳಿದ್ದಕ್ಕೆ ಇಡೀ ತರಗತಿ ನಕ್ಕಿತು. ಅಂದಿನಿಂದ ನನ್ನ ಹೆಸರು ‘ಬೇಟಾ’ ಆಯಿತು. ಪಾಪ ಅನಿಸಿತೋ ಏನೋ, ಆ ಶನಿವಾರ ನರ್ಸಿಂಗ್ ತಾನೇ ನನ್ನನ್ನು ಅವರ ಕಾರಿನಲ್ಲಿ ಆ ಟಾಕೀಸಿಗೆ ಕರೆದೊಯ್ದ. ಓದಲು ಹೋಗುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿದೆ.

ಕಾರು ನಿಂತದ್ದು ಕೊನೆಯ ಸಾಲಿನಲ್ಲಿ. ನರ್ಸಿಂಗನ ಅಪ್ಪ ಕಂಬದ ಡಬ್ಬಿ ತೆಗೆದು ಕಿಟಕಿಗೆ ಸಿಕ್ಕಿಸಿದರು. ಅದು ಕರಕರ ಎಂದು ಕೆಮ್ಮಿ ಮಾತಾಡತೊಡಗಿತು. ಬಿಳಿ ಸೀರೆಯ ಹೆಂಗಸಿನ ಧ್ವನಿಯನ್ನು ಆಗ ಮೊದಲ ಸಲ ಕೇಳಿದೆ. ಕೀರಲು ಧ್ವನಿ. ಅವಳು ತಾಯಿಯೇ ಹೌದು, ಮಗ ದೊಡ್ಡ ಅಧಿಕಾರಿ. ಕೊನೆಯಲ್ಲಿ ಅವನು ಅದೇ ನಿಲ್ದಾಣದಲ್ಲಿ ಇಳಿಯುತ್ತಾನೆ, ಜೊತೆಯವರ ಮುಂದೆ ನಾಚಿ ಅವಳ ಎದುರೇ ಹಾದು ಹೋಗುತ್ತಾನೆ, ಅವಳು ಬೆಂಚಿನ ಮೇಲೇ ಸಾಯುತ್ತಾಳೆ. ಆದರೆ ನನಗೆ ಹೆಚ್ಚು ನೆನಪಿರುವುದು ಅದಲ್ಲ. ನಡುವೆ ನರ್ಸಿಂಗನ ತಾಯಿ ಹಿಂದೆ ತಿರುಗಿ ಕೈ ತೋರಿಸಿ ನಕ್ಕರು. “ದೇಖೋ, ಮುಫತ್ ಮೇ ದೇಖ್ರೇ ಲೋಗಾಂ.” ಬಿಟ್ಟಿ ನೋಡುತ್ತಿರುವ ಜನ ಯಾರೆಂದು ನಾನೂ ತಿರುಗಿದೆ. ಗೋಡೆಯ ಮೇಲೆ ನಮ್ಮ ಮಾಳಿಗೆ. ಪರದೆಯ ಬೆಳಕು ಅಷ್ಟು ದೂರ ತಲುಪಿ ಮುಖಗಳು ಮಸುಕಾಗಿ ಕಾಣುತ್ತಿದ್ದವು. ಕಾಶತ್ತಿಯ ಎರಡೂ ಕೈ ಗಾಳಿಯಲ್ಲಿ ಆಡುತ್ತಿದ್ದವು. ಸುತ್ತಲಿನ ಒಬ್ಬರೂ ಪರದೆಯನ್ನು ನೋಡುತ್ತಿರಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅದನ್ನು ಕಂಡು ಹೆಮ್ಮೆ ಪಡಬೇಕಿತ್ತು. ನಾನು ಸೀಟಿನಲ್ಲಿ ಕೆಳಗೆ ಜಾರಿದೆ.

ಮಾರನೆಯ ಸಂಜೆ ಮಾಳಿಗೆ ತುಂಬಿತ್ತು. ಬೆಂಚಿನ ದೃಶ್ಯ ಬಂತು, ಅತ್ತಿ ಆ ಹೆಂಗಸಿಗೆ ಮಾತು ಹಾಕತೊಡಗಿದಳು.

“‘ಇವತ್ತ ಬರ್ತಾನ. ನಿನ್ನಿ ಗಾಡಿ ತಪ್ಪಿರಬೇಕು’ ಅನ್ನಾಕತ್ತಾಳ.”

“ಹಂಗ ಅನ್ನೂದಿಲ್ಲ ಆಕಿ,” ಎಂದೆ. “ಎಲ್ಲಾ ಸುಳ್ಳು. ನಾ ನಿನ್ನಿ ಕಾರಿನಾಗ ಕುಂತು ನೋಡೀನಿ, ಕೇಳೀನಿ. ಮಗ ಬಂದ್ರೂ ಮಾತಾಡ್ಸಂಗಿಲ್ಲ. ಆಕಿ ಅಲ್ಲೇ ಸಾಯ್ತಾಳ.”

ಯಾರೋ ಸುಮ್ಮನಿರು ಎಂದರು. ಅತ್ತಿ ಪರದೆಯಿಂದ ಕಣ್ಣು ತೆಗೆಯದೆ, ತಮಾಷೆಯಾಗಿಯೇ ಅಂದಳು:

“ಕಾರಿನಾಗ ಕುಂತಾವರಿಗೆ ಹಂಗ ಕಾಣ್ತೈತಿ ತಮ್ಮಾ. ಮಾಳಿಗಿ ಮ್ಯಾಲಿಂದ ಬ್ಯಾರೆ ಕಾಣ್ತೈತಿ.”

ಎಲ್ಲರೂ ನಕ್ಕರು. ಶಾಲೆಯಲ್ಲಿ ನಕ್ಕರು, ಕಾರಿನಲ್ಲಿ ನಕ್ಕರು, ಈಗ ಇಲ್ಲಿಯೂ. ನನಗೆ ತಡೆಯಲಾಗಲಿಲ್ಲ.

“ನಿನ್ನ ಮಗ ಬರಲಿಲ್ಲಂತ ಸಿನಿಮಾದಾಗಿನ ಮಗನ್ನ ದಿನಾ ಕರಸ್ತೀಯೇನು? ಮಲ್ಲು ಬರಂಗಿಲ್ಲ. ಇಂವನೂ ಬರಂಗಿಲ್ಲ.”

ಕೆನ್ನೆಗೆ ಏಟು ಬಿತ್ತು. ಮಂಡಾಳಿನ ಬುಟ್ಟಿ ಹಿಡಿದು ಮೇಲೆ ಬಂದಿದ್ದ ಅವ್ವ ಕೊಟ್ಟ ಏಟು ಅದು. ಯಾದಮ್ಮ ತನ್ನ ಗೋಡೆಯ ಜಾಗ ಬಿಟ್ಟು ಎದ್ದಳು. ಅತ್ತಿ ಮಂಡಿಗೆ ಸಿಕ್ಕಿಸಿದ್ದ ಸೆರಗು ಬಿಡಿಸಿಕೊಂಡು ಕಂಬಳಿ ಮಡಿಚಿದಳು, ನಾಲ್ಕೂ ಮೂಲೆ ಸರಿಯಾಗಿ ಕೂಡುವಂತೆ ಮಡಿಚಿದಳು.

“ಖರೇ ಗೊತ್ತಿದ್ದಾವ ಅದಾನಲ್ಲ,” ಎಂದಳು. “ಇನ್ನ ಅಂವನ ಹೇಳಲಿ.”

ಮರುದಿನವೂ ಜನ ಬಂದರು, ರೂಢಿ. ಅತ್ತಿ ಪರದೆಗೆ ಬೆನ್ನು ಹಾಕಿ ಕುಳಿತು ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ಎಲ್ಲರೂ ನನ್ನ ಮುಖ ನೋಡಿದರು. ನಾನು ಹೇಳಿದೆ: ಈಗ ಇವನು ಅಣ್ಣ, ಇವನು ಕಂತ್ರಾಟುದಾರ, ಈಗ ಇವರು ಸುಮ್ಮನೆ ಹಾಡುತ್ತಾರೆ. ಎಲ್ಲವೂ ನಿಜ. ಯಾದಮ್ಮ ಆಕಳಿಸಿದಳು. ವಾರ ಕಳೆಯುವಷ್ಟರಲ್ಲಿ ಹೊಸ ಸಿನಿಮಾ ಬಂತು, ನನಗೆ ಅದರ ನಿಜವೂ ಗೊತ್ತಿರಲಿಲ್ಲ. ಆಮೇಲೆ ಮಾಳಿಗೆಗೆ ಗಾಳಿ ಮಾತ್ರ ಬರುತ್ತಿತ್ತು. ನಾನು ಗುಡಿಸುವುದು ತಪ್ಪಿತು. ಹಾಳು ಕೆಲಸ ತಪ್ಪಲೆಂದು ಅಷ್ಟು ದಿನ ಕಾದಿದ್ದೆನಲ್ಲ, ತಪ್ಪಿದ ಮೇಲೆ ಸಂಜೆಯ ಹೊತ್ತು ಏನು ಮಾಡಬೇಕೆಂದು ತಿಳಿಯಲಿಲ್ಲ.

ನಮ್ಮ ಮನೆಯವರ ಮೇಲೆ ನನಗಿರುವ ದೊಡ್ಡ ಸಿಟ್ಟು ಇದು: ಹಿಂಡಿಯ ಡಬ್ಬಿಗೆ ಅಷ್ಟು ದಿನ ಜಗಳವಾಡಿದವರು ಇದರ ಬಗ್ಗೆ ಒಂದು ಮಾತು ಆಡಲಿಲ್ಲ. ಅಪ್ಪ ಗದರಲಿಲ್ಲ. ಅವ್ವ ಮತ್ತೆ ಎತ್ತಲಿಲ್ಲ. ಅತ್ತಿ ನನಗೆ ಮೊದಲಿನಂತೆ ರೊಟ್ಟಿ ಬಡಿದು ಹಾಕಿದಳು, ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿದಳು. ಯಾರಾದರೂ ಕ್ಷಮೆ ಕೇಳು ಎಂದು ನನ್ನನ್ನು ಕುತ್ತಿಗೆ ಹಿಡಿದು ತಳ್ಳಿದ್ದರೆ ಆಗಲೇ ಕೇಳಿ ಮುಗಿಸುತ್ತಿದ್ದೆ. ಯಾರೂ ತಳ್ಳಲಿಲ್ಲ. ನನ್ನಷ್ಟಕ್ಕೆ ನಾನೇ ಹೋಗುವ ಗಂಡಸುತನ ನನ್ನಲ್ಲಿರಲಿಲ್ಲ. ನಾಳೆ ಕೇಳಿದರಾಯಿತು ಅಂದುಕೊಂಡೇ ಹತ್ತನೆಯ ತರಗತಿ ಮುಗಿಸಿದೆ, ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದೆ, ಮದುವೆಯಾದೆ. ಟಾಕೀಸಿಗೆ ಬರುವ ಕಾರುಗಳು ಕಡಿಮೆಯಾಗಿ ಅದು ಮುಚ್ಚಿತು. ಪರದೆ ಕೆಲವು ವರ್ಷ ಮಳೆಯಲ್ಲಿ ನೆನೆದು ಹಳದಿಯಾಯಿತು, ಆಮೇಲೆ ಬೇವಿನ ಗಿಡವನ್ನೂ ಸೇರಿಸಿ ಎಲ್ಲವನ್ನೂ ಕೆಡವಿದರು. ಈಗ ಅಲ್ಲಿ ಗಾಜಿನ ಕಟ್ಟಡವಿದೆ.

ಮಲ್ಲು ಒಮ್ಮೆ ಬಂದ. ಆಗ ಅವನಿಗೆ ತಲೆ ನರೆಯುತ್ತಿತ್ತು. ಏನೋ ಕೆಲಸದ ಮೇಲೆ ಹೈದರಾಬಾದಿಗೆ ಬಂದವನು ವಿಳಾಸ ಹುಡುಕಿಕೊಂಡು ಬಂದು ಕುರ್ಚಿಯ ತುದಿಯಲ್ಲಿ ಕುಳಿತ. ಅತ್ತಿ ಚಾ ಮಾಡಿ ತಂದಳು. ಕಪ್ಪು ಕೊಟ್ಟು ಎದುರಿಗೆ ನೆಲದ ಮೇಲೆ ಕುಳಿತಳು. ಅವನು ಮಳೆಯ ಮಾತಾಡಿದ, ಬಸ್ಸಿನ ಮಾತಾಡಿದ, ಎದ್ದು ಕೈ ಮುಗಿದ. “ಬರ್ತೀನ್ರಿ,” ಎಂದ. ನಮ್ಮ ಕಡೆ ಯಾವ ಮಗನೂ ತಾಯಿಗೆ ‘ರಿ’ ಹಚ್ಚಿ ಮಾತಾಡುವುದಿಲ್ಲ. ಅದು ಪರರಿಗೆ ಕೊಡುವ ಮರ್ಯಾದೆ. ಅತ್ತಿ ಅವನು ಕುಡಿದ ಕಪ್ಪು ತೊಳೆದು ಬೋರಲು ಹಾಕಿದಳು.

ಅಪ್ಪ ಅವ್ವ ಹೋದ ಮೇಲೆ ಅತ್ತಿ ನನ್ನ ಜೊತೆಗೇ ಇದ್ದಳು, ಮಣಿಕೊಂಡದಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಯಲ್ಲಿ. ಹಾಸಿಗೆ ಹಿಡಿದಿದ್ದಳು, ಕಣ್ಣು ಕಿವಿ ಚುರುಕಾಗಿದ್ದವು. ನನ್ನ ಹೆಂಡತಿ ಮಧ್ಯಾಹ್ನ ಟೀವಿ ಹಚ್ಚಿಟ್ಟು ಹೋಗುತ್ತಿದ್ದಳು, ಅದರಲ್ಲಿ ತೆಲುಗು ಧಾರಾವಾಹಿ ಅರಚುತ್ತಿತ್ತು. ಒಂದು ದಿನ ಅತ್ತಿ ಸಾಕಾಗಿ ಅಂದಳು:

“ಶಂಕ್ರ್ಯಾ, ಅದರ ಬಾಯಿ ಬಂದ್ ಮಾಡೋ.”

ನಾನು ಟೀವಿಯ ಧ್ವನಿ ಪೂರ್ತಿ ಇಳಿಸಿದೆ, ಚಿತ್ರ ಉಳಿಯಿತು. ಮನೆಯ ಬಾಗಿಲಲ್ಲಿ ಒಬ್ಬ ನಡುವಯಸ್ಸಿನ ಗಂಡಸು, ಒಳಗೆ ಒಬ್ಬ ಹಿರಿಯ ಹೆಂಗಸು. ಅತ್ತಿ ನೋಡುತ್ತಿದ್ದಳು, ನಾನು ಅವಳನ್ನು ನೋಡುತ್ತಿದ್ದೆ. ಏನಾದರೂ ಹೇಳಿಯಾಳೆಂದು ಕಾದೆ. ಕೊನೆಗೆ ನಾನೇ ಬಾಯಿ ತೆರೆದೆ.

“ಮಗ ಬಂದಾನ, ಅತ್ತಿ. ಕರ್ಕೊಂಡು ಹೋಗಾಕ ಬಂದಾನ.”

ಅವಳು ನನ್ನ ಕಡೆ ತಿರುಗಲಿಲ್ಲ.

“ಮಗ ಬಂದು ಹೋದ್ನಲ್ಲೋ. ಚಾ ಕುಡದು ಹೋದ. ಬ್ಯಾರೆ ಹೇಳು.”

ಬೇರೆ ಏನು ಹೇಳಲಿ? ಸುಳ್ಳು ಕಟ್ಟಲು ನನಗೆ ಎಂದೂ ಬಂದದ್ದಲ್ಲ.

“ಹಂಗಾರ ಅಂವ... ಆಕಿ ತಮ್ಮನ ಮಗ,” ಎಂದೆ.

“ಎದಕ್ಕ ಬಂದಾನ?”

“ಸಣ್ಣಾಂವಿದ್ದಾಗ ಆಕಿಗೆ ಒಂದು ಮಾತು ಅಂದಿದ್ದ. ಮಂದಿ ಮುಂದ ಅಂದಿದ್ದ. ಅನಬಾರದ ಮಾತು. ಅದು ಅವಗ ಗೊತ್ತಿತ್ತು, ಗೊತ್ತಿದ್ದೂ ಅಂದ. ಆಮ್ಯಾಲ ದಿನಾ ಆಕಿ ಕೈಯಾಗಿನ ರೊಟ್ಟಿ ತಿಂದ, ಬಾಯಿ ಬಿಡಲಿಲ್ಲ. ಈಗ ತಪ್ಪಾತು ಅನ್ನಾಕ ಬಂದಾನ. ತಪ್ಪಾತು ಅತ್ತಿ, ತಪ್ಪಾತು, ಅನ್ನಾಕತ್ತಾನ...”

ಎಷ್ಟು ಹೊತ್ತು ಹೇಳಿದೆನೋ. ಅತ್ತಿಯ ಕೈ ಹೊದಿಕೆಯ ಮೇಲೆ ಮೆಲ್ಲಗೆ ಎದ್ದಿತು, ವಿಮಾನ ಬಂದಾಗ ಏಳುತ್ತಿದ್ದ ಹಾಗೆ.

“ಭಾಳ ಉದ್ದ ಆತು,” ಎಂದಳು. “ಅಂವ ಬಾಯಿ ಮುಚ್ಚಿ ಆಗಲೇ ಭಾಳ ಹೊತ್ತಾತು.”

ಟೀವಿಯಲ್ಲಿ ಆ ಗಂಡಸು ನಿಜಕ್ಕೂ ಬಾಯಿ ಮುಚ್ಚಿ ನಿಂತಿದ್ದ. ಈಗ ಆ ಹಿರಿಯ ಹೆಂಗಸಿನ ಸರದಿ. ಅವಳ ಹುಬ್ಬು ಗಂಟಿಕ್ಕಿತ್ತು, ಬಹುಶಃ ಅವನನ್ನು ಹೊರಗೆ ಹಾಕುವ ಮಾತಾಡಲಿದ್ದಳು. ಅವಳ ತುಟಿ ಅಲುಗಿತು. ಕಾಶತ್ತಿ ಅಷ್ಟು ವರ್ಷಗಳ ಮೇಲೆ ಆ ತುಟಿಗಳಿಗೆ ಮಾತು ಹಾಕಿದಳು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

“‘ಕೈಕಾಲು ತೊಳಕೊಂಡು ಬಾ. ರೊಟ್ಟಿ ಆರಾಕತ್ತಾವು.’”